ಕೂಡದ ಬಿರುಕು

ತನುಜಕ್ಕಾ,

ನಿನ್ನನ್ನು ಕೊಂದ ಇಲಿಜ್ವರದ ಬ್ಯಾಕ್ಟೀರಿಯಾ ಈಗ ನನ್ನ ಲ್ಯಾಬಿನಲ್ಲಿದೆ. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಜಂತು. ಹೋದ ವಾರ ಯುವಿ ಬೆಳಕು ಬಿಟ್ಟು ಅದರ ಡಿಎನ್‌ಎಯನ್ನು ಹಾಳುಗೆಡವಿದ್ದೆ. ಇವತ್ತು ನೋಡಿದರೆ, ದರಿದ್ರದ್ದು, ತನ್ನ ರಿಪೇರಿ ಜೀನ್‌ಗಳಿಂದ ಎಲ್ಲವನ್ನೂ ಜೋಡಿಸಿಕೊಂಡು ಆರಾಮಾಗಿ ಈಜುತ್ತಿದೆ. ನನ್ನ ಗೈಡ್‌ಗೆ ಖುಷಿಯೋ ಖುಷಿ.

ನನಗೆ ನಿನ್ನ ಒಡೆದ ಹಿಮ್ಮಡಿ ನೆನಪಾಯಿತು. ಗದ್ದೆ ನೀರಿನಿಂದ ಅದು ನಿನ್ನೊಳಗೆ ಹೊಕ್ಕಿದ್ದು ಅಲ್ಲಿಂದಲೇ ಇರಬೇಕು. ಆ ಬಿರುಕು ಮಾತ್ರ ಕೊನೆಯವರೆಗೂ ಕೂಡಲಿಲ್ಲ. ನಾನು ಗಂಬೂಟು ತಂದಾಗ ನೀನು ಬೈದಿದ್ದೆ: “ಮೆಟ್ಟು ಹಾಕ್ಕಂಡು ಭೂಮ್ತಾಯಿನ ತುಳೀತಾರೇನೇ?”

ಸಂಜೆ ಲಿಂಗದಹಳ್ಳಿಗೆ ಫೋನ್ ಮಾಡಿದ್ದೆ. ನಾಟಿ ಶುರುವಾಗಿದೆ. ನಿನ್ನ ಜಾಗದಲ್ಲಿ ಅವ್ವ ಗದ್ದೆಗೆ ಇಳಿದಿದ್ದಾಳೆ. ಅಟ್ಟದ ಮೇಲಿರುವ ಆ ಬೂಟು ಹಾಕಿಕೋ ಎಂದೆ.

“ನಮ್ಮ ತನುಜ ಯಾವತ್ತಾದ್ರೂ ಹಾಕಿದ್ಲೇನೇ?” ಎಂದಳು.