ಎತ್ತಿ ಹಾಕುವ ಬಾಗಿಲು

ಅಪ್ಪಾ,

ಇವತ್ತು ನಿನ್ನ ಲಾರಿಯ ಕ್ಯಾಬಿನ್ ಇಳಿಸಿದೆವು. ತುಕ್ಕು ತಿಂದು ಜರಡಿಯಾಗಿತ್ತು. ಬೋಲ್ಟು, ವೈರು, ಸ್ಟೀರಿಂಗ್ ಎಲ್ಲ ಬಿಚ್ಚಿ ಕ್ರೇನಿಗೆ ಕಟ್ಟಿದರೆ, ಅದು ಗೇಣುದ್ದ ಎದ್ದು ಅಲ್ಲೇ ನಿಂತಿತು. ಗ್ಯಾರೇಜಿನ ಮೇಸ್ತ್ರಿ ಬಗ್ಗಿ ನೋಡಿದ. ಗಡಗಡ ಸದ್ದು ತಡೆಯಲು ನೀನು ಯಾವಾಗಲೋ ಸೀಟಿನಡಿಯಿಂದ ಚಾಸಿಗೆ ಬಿಗಿದಿದ್ದ ತಂತಿ. ಬಿಚ್ಚಲಾಗದ ಗಂಟು ಹಾಕುವುದರಲ್ಲಿ ನೀನು ಎತ್ತಿದ ಕೈ.

"ನಿಮ್ಮಪ್ಪ ಬಿಡೋಕೆ ಒಪ್ತಿಲ್ಲ ಕಣಮ್ಮಾ," ಅಂದ. ನಾನೇ ಕತ್ತರಿಸಿದೆ.

ಆಮೇಲೆ ಅದು ಹಗುರಾಗಿ ಮೇಲೇರಿ ಗಾಳಿಯಲ್ಲಿ ನಿಧಾನ ತಿರುಗಿತು. ಚಿಕ್ಕವಳಿದ್ದಾಗ ಅದರ ನೆಲದ ತೂತಿನಲ್ಲಿ ರಸ್ತೆ ಹೊಳೆಯಂತೆ ಹರಿಯುವುದನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆನಲ್ಲ, ಇವತ್ತು ಕೆಳಗೆ ನಿಂತು ಅದೇ ತೂತಿನಲ್ಲಿ ನೋಡಿದೆ. ಚಾವಣಿಯೂ ತೂತಾಗಿದ್ದರಿಂದ ಅಂಗೈಯಗಲ ಆಕಾಶ ಕಂಡಿತು. ಒಂದು ಮೋಡ ದಾಟಿ ಹೋಯಿತು.

ನೀನು ತೀರಿಹೋಗುವ ಮುಂಚಿನ ವಾರ, ಹಾಸಿಗೆಯಿಂದಲೇ ನನ್ನನ್ನು ಕರೆದು, "ಒಂದು ಸುತ್ತು ಕರ್ಕೊಂಡು ಹೋಗೇ," ಅಂದಿದ್ದೆ.

"ಈ ತುಕ್ಕಿನ ಡಬ್ಬದಲ್ಲಾ? ಹೊಸ ಕ್ಯಾಬಿನ್ ಬರ್ಲಿ ಇರಪ್ಪಾ," ಅಂದೆ ನಾನು.

ನೀನು ಆಯ್ತು ಅಂದು ಮಗ್ಗುಲಾದೆ.

ಸಂಜೆಯ ಹೊತ್ತಿಗೆ ಹೊಸ ಕ್ಯಾಬಿನ್ ಕೂತಿತು. ಹಳೆಯದರ ಬಾಗಿಲನ್ನು ಕೊಂಚ ಎತ್ತಿ ಹಾಕಿದರಷ್ಟೇ ಮುಚ್ಚುತ್ತಿತ್ತು. ಹೊಸದನ್ನೂ ಕೈ ತಾನಾಗಿ ಎತ್ತಿತು. ಮೇಸ್ತ್ರಿ ನಕ್ಕ. "ಇದನ್ನ ಸುಮ್ನೆ ತಳ್ಳಿದ್ರೆ ಸಾಕಮ್ಮಾ."

ಹೊರಡುವ ಮುಂಚೆ ಇಳಿದು, ಸುತ್ತಿ ಬಂದು, ಕ್ಲೀನರ್ ಸೀಟಿನ ಬಾಗಿಲು ತೆಗೆದೆ. ವಯಸ್ಸಾದವರೊಬ್ಬರು ಹತ್ತಿ ಕೂರುವಷ್ಟು ಹೊತ್ತು ಹಿಡಿದು ನಿಂತಿದ್ದೆ. ಆಮೇಲೆ ಮೆಲ್ಲಗೆ, ಎತ್ತಿಯೇ ಹಾಕಿದೆ.