ಕೊಳದ ಮೀನಿಗೆ ಪುರಿ ಇಲ್ಲ

ಮಾರ್ಚ್ 9, ಶನಿವಾರ. ಬೆಳಿಗ್ಗೆ 7.00

ಕೆಟ್ಟ ಕನಸು. ದೇವಸ್ಥಾನದ ಕೊಳದ ಮೀನುಗಳೆಲ್ಲ ನನ್ನ ಬಾಗಿಲಿಗೆ ಬಂದು ಬಾಯಿ ತೆರೆದು ನಿಂತಿದ್ದವು. ನಾನು ಕಡ್ಲೆಪುರಿ ಎಸೆಯುತ್ತಲೇ ಇದ್ದೆ... ಎದ್ದವಳೇ ಅಲ್ಲಿಗೆ ಓಡಿದೆ. ಹದಿನೇಳು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಿನ್ನೆ ಶಿವರಾತ್ರಿ. ಮಲ್ಲೇಶ್ವರದ ಅರ್ಧ ಜನ ಪುಣ್ಯಕ್ಕೆಂದು ಪುರಿ ಸುರಿದಿದ್ದರು. ಪೊಟ್ಟಣ ಮಾರಿದ್ದು ನಾನೇ, ಗೇಟಿನೊಳಗಿನ ನನ್ನ ಹೂವಿನ ಅಂಗಡಿಯಲ್ಲಿ. ಏನಾದರೂ ಬೆರೆತಿತ್ತೇ? ಮೂಸಿ ನೋಡಿದೆ. ತಿಂದೂ ನೋಡಿದೆ. ನನಗೇನೂ ಆಗಿಲ್ಲ — ಸದ್ಯಕ್ಕೆ.

ಮಾರ್ಚ್ 10, ಭಾನುವಾರ

ಮಧುರಾ ಮೇಡಂ ಪೂಜೆಗೆ ಬಂದಿದ್ದರು. ಕಾಲೇಜಿನಲ್ಲಿ ಬಯಾಲಜಿ ಹೇಳಿಕೊಡುವವರು. ಕೇಳಿಯೇಬಿಟ್ಟೆ.

"ವಿಷ ಅಲ್ಲ ಶೈಲಜಮ್ಮ. ಮಿಕ್ಕಿದ ಪುರಿ ತಳದಲ್ಲಿ ಕೊಳೆಯತ್ತೆ. ಕೊಳೆಸೋ ಕ್ರಿಮಿಗಳು ನೀರಲ್ಲಿರೋ ಆಕ್ಸಿಜನ್ ಎಲ್ಲ ಎಳ್ಕೊಂಡ್ಬಿಡ್ತವೆ."

"ಹಾಕ್ದೆ ಇದ್ರೆ ಉಪವಾಸ ಬೀಳಲ್ವಾ?"

"ಬಿಸಿಲು ಪಾಚಿಗೆ ಊಟ. ಪಾಚಿ ಹುಳಕ್ಕೆ, ಹುಳ ಮೀನಿಗೆ. ಒಂದೊಂದು ಹಂತದಲ್ಲೂ ಹತ್ತರಲ್ಲಿ ಒಂಬತ್ತು ಪಾಲು, ಸುಮಾರಾಗಿ, ಬದುಕೋದ್ರಲ್ಲೇ ಕಳೆದುಹೋಗತ್ತೆ. ಮುಂದಕ್ಕೆ ದಾಟೋದು ಒಂದೇ. ಅದಕ್ಕೇ ಈ ಕೊಳ ಸ್ವಲ್ಪ ಮೀನನ್ನ ಮಾತ್ರ ಸಾಕತ್ತೆ. ನಾವು ಪುರಿ ಹಾಕಿ ಹಾಕಿ ಜಾಸ್ತಿ ಮಾಡಿದೀವಿ."

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆದರೂ ಅರ್ಥವಾಯಿತು. ನನ್ನ ಊಟದಲ್ಲೂ ಒಂಬತ್ತು ಪಾಲು ಚಿಂತೆಗೇ ಹೋಗುತ್ತದೆ.

ಮಾರ್ಚ್ 11, ಸೋಮವಾರ

ಪುರಿ ಇಡಲಿಲ್ಲ. ಬರೀ ಹೂವು, ಬಿಲ್ವಪತ್ರೆ. ಕಮಿಟಿಯ ನಾಗಭೂಷಣ್ ಬಂದರು.

"ಏನ್ ಶೈಲಜಮ್ಮ, ಮೂಕಪ್ರಾಣಿ ಬಾಯಿಗೆ ಮಣ್ಣು ಹಾಕ್ತೀರಾ?"

"ಪುರಿ ಹಾಕೇ ಸಾಯಿಸಿದ್ದು ಸ್ವಾಮಿ. ನಾನೂ, ನೀವೂ."

"ಹಾಗಾದ್ರೆ ಜಾಗ ಖಾಲಿ ಮಾಡಿ. ಮಾರೋರಿಗೆ ಕೊಡ್ತೀವಿ."

"ಕೊಡಿ. ಗೇಟ್ ಹೊರಗೆ ಕೂತ್ಕೊಂಡು ಬಂದೋರಿಗೆಲ್ಲ ಹೇಳ್ತೀನಿ."

ನಾನೇ ಅಂದಿದ್ದಾ! ಹೂಬುಟ್ಟಿ ಎತ್ತಿಕೊಂಡು ಗೇಟ್ ದಾಟಿದೆ.

ಮಾರ್ಚ್ 19

ಫುಟ್‌ಪಾತಿನ ಮೇಲೆ ಗೋಣಿಚೀಲ ಹಾಸಿ ಕೂತು ಒಂದು ವಾರ. ಹೇಳುತ್ತಲೇ ಇದ್ದೇನೆ. ಬೈಸಿಕೊಳ್ಳುತ್ತಲೂ ಇದ್ದೇನೆ. ನನ್ನ ಜಾಗಕ್ಕೆ ಬಂದಿರುವ ನಂದೀಶ್ ಇವತ್ತು ಕೂಗಾಡಿದ.

"ಅಕ್ಕಾ, ನನ್ ವ್ಯಾಪಾರ ಯಾಕ್ ಕೆಡಿಸ್ತೀರಾ?"

"ಪುರಿ ಮಾರು, ಬೇಡ ಅನ್ನಲ್ಲ. ಖಾರ ಕಲಸಿ ಚುರುಮುರಿ ಮಾಡಿ ಮಾರು. ಆಗ ಯಾರೂ ನೀರಿಗೆ ಎಸೆಯಲ್ಲ, ತಾವೇ ತಿಂತಾರೆ."

"ದೇವಸ್ಥಾನದಲ್ಲಿ ಈರುಳ್ಳಿನಾ?"

"ಕ್ಯಾರೆಟ್ ಹಾಕೋ ಮಾರಾಯ!"

ನಕ್ಕುಬಿಟ್ಟ.

ಏಪ್ರಿಲ್ 3, ಬುಧವಾರ. ಬೆಳಿಗ್ಗೆ 6.10

ಚುರುಮುರಿಗೆ ಕ್ಯೂ ನಿಲ್ಲುತ್ತಿದ್ದಾರೆ. ಕೊಳದಲ್ಲಿ ಮೀನು ಕಡಿಮೆಯಾಗಿವೆ, ಸಣಕಲಾಗಿವೆ. ಆದರೆ ಈಗ ಒಂದೂ ತೇಲುತ್ತಿಲ್ಲ, ಬಾಯಿ ಮೇಲೆತ್ತಿ ಒದ್ದಾಡುತ್ತಿಲ್ಲ. ಮೀನನ್ನು ಉಪವಾಸ ಕೆಡವಿ ಕೊಂದಳು ಎಂದು ತೋರಿಸಲು ನಾಗಭೂಷಣ್ ಸಂಜೆ ಕಮಿಟಿಯವರನ್ನು ಕರೆತರುತ್ತಾರಂತೆ. ಬರಲಿ. ಎಲ್ಲರೂ ಬರಲಿ. ನನಗೂ ತೋರಿಸುವುದಿದೆ. ಕೊನೆಯ ಮೆಟ್ಟಿಲ ಹತ್ತಿರ, ಪಾಚಿಯಲ್ಲಿ, ಎಳ್ಳಿನಷ್ಟು ಸಣ್ಣವು ಓಡಾಡುತ್ತಿವೆ. ಮರಿಮೀನೇ. ಉಪವಾಸ ಬಿದ್ದ ಮೀನು ಮರಿ ಹಾಕೀತೇ? ಸೊಳ್ಳೆಹುಳ ಅಲ್ಲ... ಅಲ್ಲ ತಾನೇ? ಮೇಡಂಗೆ ಈಗಲೇ ಫೋನ್ ಮಾಡಬೇಕು. ಸಂಜೆಯೊಳಗೆ ಬನ್ನಿ, ಆ ಮೆಟ್ಟಿಲ ಹತ್ತಿರ ಸರಿಯಾಗಿ ನೋಡಿ ಹೇಳಿ, ಅವು ಮರಿಮೀನೋ ಇಲ್ಲ ಬರೀ ಸೊಳ್ಳೆಹುಳವೋ ಅಂತ.