ಅಮ್ಮ ಕೂರುತ್ತಿದ್ದ ಮೂಲೆ

ಅಂಗಡಿಯಿಂದ, ಒಂಬತ್ತನೇ ತಾರೀಖು, ಊಟ ಮುಗಿದ ಮೇಲೆ

ಪ್ರೀತಿಯ ದಾರದುಂಡೆಗೆ,

ನಿನ್ನೆ ನಾನು ಫೋನಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಇರಲಿ, ಮೊದಲು ನಿನ್ನ ಕೆಮ್ಮು ಹೇಗಿದೆ ತಿಳಿಸು. ಅಳಿಯಂದಿರು ಆರೋಗ್ಯವೇ? ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ.

ಪರವೂರಿನ ಹೊಲಿಗೆ ಶಾಲೆಯವರು ನಿನ್ನನ್ನು ಮುಖ್ಯಸ್ಥೆಯಾಗಿ ಬಾ ಎಂದಿದ್ದಾರೆ, ಅಳಿಯಂದಿರು "ಇಲ್ಲಿ ನಿನಗೇನು ಕಮ್ಮಿಯಾಗಿದೆ" ಅನ್ನುತ್ತಾರೆ, ಏನು ಮಾಡಲಿ ಎಂದು ನೀನು ಕೇಳಿದೆ. ನಾನು ಒಡನೆ ಮೇಷ್ಟ್ರಾಗಿಬಿಟ್ಟೆ. ಎರಡು ವರ್ಷ ಕಾಲೇಜಿನ ಬೆಂಚು ಸವೆಸಿದವನಲ್ಲವೇ. ಲಾಜಿಕ್ ಮೇಷ್ಟ್ರು ಹಲಗೆಯ ಮೇಲೆ 'ಹ್ಯಾಪಿನೆಸ್ ಈಸ್ ದಿ ಆಬ್ಸೆನ್ಸ್ ಆಫ್' ಎಂದು ಏನೋ ಬರೆದಿದ್ದರು. ಕೊನೆಯ ಪದ ಪರೀಕ್ಷೆಗೆ ಮೊದಲೇ ಮರೆತುಹೋಯಿತು. 'ಕಂಪ್ಲೇಂಟ್' ಇರಬೇಕೆಂದು ನಾನೇ ತೇಪೆ ಹಾಕಿಕೊಂಡು ನಲವತ್ತು ವರ್ಷ ಅದನ್ನೇ ತೊಟ್ಟು ತಿರುಗಿದೆ. ದೇರ್‌ಫೋರ್, ದೂರಿಲ್ಲದ ಮನೆಯೇ ಸುಖದ ಮನೆ. ನಿನಗೂ ಅದನ್ನೇ ಅಳತೆ ಮಾಡಿ ಕೊಟ್ಟೆ: "ನಿಮ್ಮಮ್ಮ ಒಂದು ದಿನ ಗೊಣಗಿದ್ದು ಕೇಳಿದ್ದೀಯಾ? ಸುಮ್ನಿರು, ಎಲ್ಲ ಸರಿಹೋಗುತ್ತೆ."

ಇವತ್ತು ಬ್ಯಾಂಕಿನ ಗುಮಾಸ್ತರ ಕಡುನೀಲಿ ಕೋಟು ಮುಗಿಸಬೇಕಿತ್ತು. ನಿಮ್ಮಮ್ಮ ಹೋದಮೇಲೆ ಗುಂಡಿಯ ಕಾಜಾಗಳನ್ನು ಹೊರಗೆ ಕೊಟ್ಟು ಹೊಲಿಸುತ್ತೇನೆ, ಆ ಹೆಂಗಸಿಗೆ ಜ್ವರವಂತೆ. ನಾನೇ ಸೂಜಿ ಹಿಡಿದು ನಿಮ್ಮಮ್ಮನ ಸ್ಟೂಲಿನ ಮೇಲೆ ಕೂತೆ. ಅವಳಿದ್ದಾಗ ಒಮ್ಮೆಯೂ ಅಲ್ಲಿ ಕೂತವನಲ್ಲ. ಕಿಟಕಿಗೆ ಒತ್ತಿಕೊಂಡು ನನ್ನ ಮೆಷೀನು, ಪಕ್ಕದಲ್ಲಿ ತೂಗುಹಾಕಿದ ಕೋಟುಗಳು. ಬೆಳಕು ಅವನ್ನೆಲ್ಲ ದಾಟಿ ಈ ಮೂಲೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮಧ್ಯದಲ್ಲಿ ನಾನೂ ಕೂತರೆ ಕೇಳಬೇಕೇ. ನಾಲ್ಕು ಕಾಜಾ ಮುಗಿಸಿ ಕಿಟಕಿಗೆ ಹಿಡಿದು ನೋಡಿದೆ. ನಾಲ್ಕೂ ಕಪ್ಪು ದಾರ.

ಇದೇ ತಪ್ಪನ್ನು ಅವಳೂ ಒಮ್ಮೆ ಮಾಡಿದ್ದಳು, ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ. ಗಿರಾಕಿಯ ಎದುರೇ "ಕಣ್ಣು ಎಲ್ಲಿಟ್ಟಿದ್ದೆ?" ಅಂದೆ. ಅವಳು ದಾರ ಬಿಚ್ಚುತ್ತಲೇ "ನಿಮ್ಮ ಬೆನ್ನ ಮೇಲೆ" ಅಂದಳು. ಗಿರಾಕಿ ನಕ್ಕರು, ನಾನೂ ನಕ್ಕೆ. ಆಮೇಲೆ ಎಷ್ಟು ಜನರಿಗೆ ಈ ಜೋಕು ಹೇಳಿದೆನೋ. ಅವಳು ನಕ್ಕಿದ್ದಳೇ ಎಂದು ಬೆಳಿಗ್ಗೆಯಿಂದ ನೆನಪಿಸಿಕೊಳ್ಳುತ್ತಿದ್ದೇನೆ, ನೆನಪಾಗುತ್ತಿಲ್ಲ. ಸೂಕ್ಷ್ಮದ ಕೆಲಸ ಅವಳದು, ಕಿಟಕಿ ನನ್ನದು. ಇಪ್ಪತ್ತಾರು ವರ್ಷ. ನಾನೇನು ಕೈ ಎತ್ತಿದವನಲ್ಲ, ಉಪವಾಸ ಕೆಡವಿದವನಲ್ಲ. ಊರೆಲ್ಲ ಒಳ್ಳೆಯ ಗಂಡ ಅಂದಿತು. ಅಳಿಯಂದಿರೂ ಒಳ್ಳೆಯವರು. ನನಗೆ ಭಯ ಅದೇ.

ಸುಖ ಎಂದರೇನು ಅಂತ ಇವತ್ತು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಜೊತೆಗಿರುವವರ ಜಾಗದಲ್ಲಿ ಆಗಾಗ ಕೂತು ನೋಡುವುದೂ ಅದರಲ್ಲಿ ಎಲ್ಲೋ ಸೇರಿರಬೇಕು. ಇನ್ನೂ ಬರೆಯುವುದಿತ್ತು, ಸಾಲು ಕಾಣುತ್ತಿಲ್ಲ. ಅವಳ ಸ್ಟೂಲಿನಲ್ಲೇ ಕೂತಿದ್ದೇನೆ. ಹೊರಗಿನ್ನೂ ಬಿಸಿಲಿದೆ, ಇಲ್ಲಿ ಸಂಜೆ ಬೇಗ ಆಗುತ್ತದೆ ಕಣೇ.

ನಿನ್ನ ಕೈ, ಕಣ್ಣು ಎರಡೂ ತಣ್ಣಗಿರಲಿ.

ನಿನ್ನ ಅಪ್ಪ

ತಾ.ಕ.: ಶಾಲೆಯವರಿಗೆ ಇಪ್ಪತ್ತರೊಳಗೆ ಉತ್ತರ ಕೊಡಬೇಕು ಅಂದೆಯಲ್ಲ, ನಿನ್ನೆ ನಾನು ಹೇಳಿದ್ದನ್ನು ಬಿಚ್ಚಿಹಾಕು. ಹೋಗು. ಫೋನು ಮಾಡಿದರೆ ಬಾಯಿಗೆ ಮತ್ತೆ ಹಳೆಯದೇ ಬಂದೀತೆಂದು ಬರೆದೆ. ಅಳಿಯಂದಿರಿಗೂ ಓದಲು ಕೊಡು. ಓದುವಾಗ ಅವರನ್ನು ಕಿಟಕಿಯ ಹತ್ತಿರ ಮಾತ್ರ ಕೂರಿಸಬೇಡ.